ಗುಡ್ಡದ ಬುಡದ ಸುಣ್ಣದ ಗೆರೆ

ವಾಯುಯಾನ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಗ್ಲೈಡರ್ ಮೈದಾನದ ಗುಡ್ಡದ ಕಡೆಯ ತುದಿಯಲ್ಲಿ, ತಮ್ಮ ಆದೇಶದ ಮೇರೆಗೆ ಎಳೆದ ಒಂದು ಸುಣ್ಣದ ಗೆರೆ ಇದೆ. ಆ ಗೆರೆ ನನ್ನ ತಮ್ಮನನ್ನು ಕೊಂದಿತು. ತಮ್ಮ ತನಿಖಾ ವರದಿ ಮಾತ್ರ ಸತ್ತವನೂ ಅವನೇ, ಕೊಂದವನೂ ಅವನೇ ಎನ್ನುತ್ತಿದೆ. ‘ಅಪಘಾತದ ಕಾರಣ: ಚಾಲಕನ ತಪ್ಪು’ ಎಂದು ಬರೆದು, ಕೆಳಗೆ ಮೊಹರು ಒತ್ತಿ, ಕೈ ತೊಳೆದುಕೊಂಡಿದ್ದೀರಿ. ಗೆರೆ ಇನ್ನೂ ಅಲ್ಲೇ ಇದೆ. ಅವನ ರಕ್ತದ ಕಲೆ ನೆಲದಿಂದ ಹೋಗುವ ಮೊದಲೇ ಅದಕ್ಕೆ ಹೊಸ ಸುಣ್ಣ ಬಿತ್ತು. ಅದನ್ನು ಅಳಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಚೇರಿಗೆ ಬಂದು ಕೈಗೇ ಕೊಡದೆ ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಯಾಕೆ ಕೊಟ್ಟಳು ಎಂದು ತಾವು ಕೇಳಲಾರಿರಿ, ಯಾಕೆಂದರೆ ತಮಗೆ ಗೊತ್ತಿದೆ. ತಮ್ಮ ಕಚೇರಿಯ ಮೆಟ್ಟಿಲು ಹತ್ತಬಾರದೆಂದು ನನಗೆ ನೋಟೀಸು ಬಂದಿದೆ. ತಮ್ಮ ತನಿಖಾಧಿಕಾರಿಯ ಮೇಜಿನ ಗಾಜು ಪುಡಿ ಮಾಡಿದವಳು ನಾನೇ. ಆ ಕತೆಯನ್ನೂ ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಈ ಪತ್ರದಲ್ಲಿ ಮೊದಲು ಇದ್ದ ಬೈಗುಳಗಳನ್ನೆಲ್ಲ ನನ್ನ ಯಜಮಾನರು ಕನ್ನಡಕ ಹಾಕಿಕೊಂಡು ಕೂತು ಒಂದೊಂದಾಗಿ ಹೊಡೆದುಹಾಕಿದ್ದಾರೆ. ಅವರು ಸಜ್ಜನರು. ಉಳಿದಿರುವಷ್ಟನ್ನು ಮರ್ಯಾದಸ್ಥರು ಓದಬಹುದು.

ನಾನು ಯಾರೆಂದು ಓದುಗರಿಗೆ ಹೇಳಬೇಕು. ವಾರದ ದಿನಗಳಲ್ಲಿ ನಾನು ಕಾರು ಓಡಿಸಲು ಕಲಿಸುತ್ತೇನೆ. ಪಕ್ಕದ ಸೀಟಿನಲ್ಲಿ ಕೂತು, ಕಾಲ ಕೆಳಗೆ ಇನ್ನೊಂದು ಬ್ರೇಕು ಇಟ್ಟುಕೊಂಡು, ಈ ಊರಿನ ಅರ್ಧ ಜನಕ್ಕೆ ಬೈದು ಬೈದು ಗೇರು ಹಾಕಲು ಕಲಿಸಿದ್ದೇನೆ. ಭಾನುವಾರ ಗ್ಲೈಡರ್ ಮೈದಾನದಲ್ಲಿ ಎಳೆಯುವ ವಿಮಾನ ಓಡಿಸುತ್ತೇನೆ. ಗ್ಲೈಡರಿಗೆ ಎಂಜಿನ್ ಇಲ್ಲ. ಎಂಜಿನ್ ಇರುವ ಪುಟ್ಟ ವಿಮಾನವೊಂದು ಹಗ್ಗ ಕಟ್ಟಿ ಅದನ್ನು ಮೇಲಕ್ಕೆ ಎಳೆದುಕೊಂಡು ಹೋಗಬೇಕು. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಗ್ಲೈಡರಿನಲ್ಲಿ ಕೂತವರು ಹಗ್ಗ ಬಿಡಿಸಿಕೊಳ್ಳುತ್ತಾರೆ, ಅಲ್ಲಿಂದ ಮುಂದೆ ಗಾಳಿಯೇ ಅವರ ಎಂಜಿನ್. ಇಳಿಯುವಾಗ ಅವರಿಗೆ ಸಿಗುವುದು ಒಂದೇ ಅವಕಾಶ. ಕಾರಿನಲ್ಲಿ ತಪ್ಪಿದರೆ ರಿವರ್ಸ್ ಹಾಕಬಹುದು. ನನ್ನ ವಿಮಾನದಲ್ಲಿ ತಪ್ಪಿದರೆ ಎಂಜಿನ್ ಜೋರು ಮಾಡಿ ಇನ್ನೊಂದು ಸುತ್ತು ಹೋಗಬಹುದು. ಗ್ಲೈಡರು ನೆಲದ ಕಡೆ ಮುಖ ಮಾಡಿದ ಮೇಲೆ ನೆಲಕ್ಕೆ ಬಂದೇ ಬರುತ್ತದೆ, ಹೇಗೆ ಬರುತ್ತದೆ ಎನ್ನುವುದಷ್ಟೇ ಪ್ರಶ್ನೆ.

ನನ್ನ ತಮ್ಮನನ್ನು ಮೈದಾನದಲ್ಲಿ ಎಲ್ಲರೂ ಮಿಡತೆ ಎಂದು ಕರೆಯುತ್ತಿದ್ದರು. ಉದ್ದುದ್ದ ಕಾಲು. ಗ್ಲೈಡರಿನ ಇಕ್ಕಟ್ಟಿನೊಳಗೆ ಅವನ್ನು ಮಡಚಿಕೊಂಡು ಇಳಿಯುವುದನ್ನು ನೋಡುವುದೇ ಒಂದು ತಮಾಷೆ. ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ. ವಾರವಿಡೀ ದೊಡ್ಡ ಕಟ್ಟಡಗಳ ಕತ್ತಲೆ ಗೂಡಿನಲ್ಲಿ ಗ್ರೀಸು ಮೆತ್ತಿಕೊಂಡು ಮೇಲೆ ಕೆಳಗೆ ಓಡಾಡುವವನು. “ಆರು ದಿನ ಹಗ್ಗ ಕಟ್ಕೊಂಡು ಮೇಲೆ ಹೋಗ್ತೀನಿ. ಒಂದು ದಿನ ಹಗ್ಗ ಬಿಚ್ಕೊಂಡು ಹೋಗ್ತೀನಿ. ಅದೂ ಬೇಡ ಅಂದ್ರೆ ಹೇಗಕ್ಕಾ?” ಎನ್ನುತ್ತಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಮಗಳೇ ಅವನಿಗೂ ಮಗಳು. ಅವಳಿಗೆ ಸೈಕಲ್ಲು ಕಲಿಸಿದವನು ಅವನು, ನಾನು ಅವಳಿಗೆ ಬೈದರೆ ಅವಳ ಪರ ನಿಂತು ನನಗೇ ತಿರುಗಿ ಬೈಯುತ್ತಿದ್ದವನೂ ಅವನೇ.

ಇನ್ನು ಗೆರೆಯ ವಿಷಯ. ನಮ್ಮ ಮೈದಾನ ಗುಡ್ಡದ ಬುಡಕ್ಕೆ ಅಂಟಿಕೊಂಡು ಉದ್ದಕ್ಕೆ ಮಲಗಿದೆ. ಗ್ಲೈಡರುಗಳು ಇಳಿಯಲು ಬರುವ ತುದಿಯಲ್ಲಿ ಗುಡ್ಡದ ಒಂದು ಹೆಗಲು ಕೆಳಗಿಳಿದು ಬಂದು ಮೈದಾನದ ಮೂಲೆಗೆ ನಿಂತಿದೆ. ಷೆಡ್ಡು ಇರುವುದೂ ಅದೇ ತುದಿಯಲ್ಲಿ, ಆ ಹೆಗಲಿನ ಮರೆಯಲ್ಲಿ. ಇಳಿದ ಗ್ಲೈಡರು ದೂರ ಓಡಿ ನಿಂತರೆ ಅದನ್ನು ಷೆಡ್ಡಿನವರೆಗೆ ಬಿಸಿಲಲ್ಲಿ ಕೈಯಿಂದ ತಳ್ಳಿಕೊಂಡು ಬರಬೇಕು. ಅದಕ್ಕೇ ಹಿಂದೆ ಯಾರೋ ಒಬ್ಬ ಪುಣ್ಯಾತ್ಮ ಷೆಡ್ಡಿನ ಎದುರು ಸುಣ್ಣದ ಗೆರೆ ಎಳೆದ. ಗೆರೆಯ ಮೇಲೆ ಮೂಗು ತಂದು ನಿಲ್ಲಿಸಿದವರು ಆ ದಿನ ತಳ್ಳುವ ಹಾಗಿಲ್ಲ. ಉಳಿದವರು ತಳ್ಳಬೇಕು, ಮೇಲೆ ಅವರಿಗೆ ಚಹಾ ಕೊಡಿಸಬೇಕು. ಸೋಮಾರಿಗಳ ಆಟ, ನಾವೆಲ್ಲ ನಕ್ಕು ನಕ್ಕು ಆಡಿದ ಆಟ. ಆದರೆ ಆ ಆಟಕ್ಕೆ ಇನ್ನೊಂದು ಅರ್ಧ ಇತ್ತು. ಗುಡ್ಡದಾಚೆಯಿಂದ ಗಾಳಿ ಬಂತೆಂದರೆ ಯಾರಾದರೂ ಒಬ್ಬರು “ಗಾಳಿ ಎದ್ತು, ಗೆರೆ ಸತ್ತೋಯ್ತು!” ಎಂದು ಕೂಗುತ್ತಿದ್ದರು. ಅಲ್ಲಿಗೆ ಆಟ ಮುಗಿಯಿತು. ಆಮೇಲೆ ಯಾರೂ ಗೆರೆಯ ಕಡೆ ತಿರುಗಿಯೂ ನೋಡುವಂತಿರಲಿಲ್ಲ. ಎತ್ತರವಾಗಿ, ವೇಗವಾಗಿ ಬಂದು, ಗುಡ್ಡದ ಹೆಗಲನ್ನು ದಾಟಿ, ಮೈದಾನದ ನಡುಭಾಗದಾಚೆಗೆ ಇಳಿಯಬೇಕು. ಅಂಥ ದಿನ ತಳ್ಳುವುದಕ್ಕೆ ಎಲ್ಲರೂ ಕೈ ಹಾಕುತ್ತಿದ್ದರು, ಒಬ್ಬರೂ ಗೊಣಗುತ್ತಿರಲಿಲ್ಲ.

ಯಾಕೆ ಹಾಗೆ ಎಂದು ತಮಗೆ ಹೇಳಿಕೊಡಬೇಕಾಗಿ ಬಂದಿರುವುದು ನನ್ನ ಕರ್ಮ. ಹರಿಯುವ ಹೊಳೆಗೆ ಬಂಡೆ ಅಡ್ಡ ಸಿಕ್ಕರೆ ಬಂಡೆಯ ಹಿಂದೆ ನೀರು ಸುಳಿ ತಿರುಗುತ್ತದೆಯಲ್ಲ, ಗುಡ್ಡದ ಹೆಗಲು ದಾಟಿದ ಗಾಳಿಯೂ ಹಾಗೇ. ಷೆಡ್ಡಿನ ನೆತ್ತಿಯ ಮೇಲೆ ಅದು ಉರುಳಾಡುತ್ತದೆ. ಒಂದು ಕ್ಷಣ ಮೇಲೆತ್ತುತ್ತದೆ, ಮರುಕ್ಷಣ ಕೆಳಕ್ಕೆ ಕುಕ್ಕುತ್ತದೆ, ಎದುರಿನಿಂದ ಬರುತ್ತಿದ್ದದ್ದು ಹಿಂದಿನಿಂದ ಬರುತ್ತದೆ. ಅದರೊಳಗೆ ವೇಗವಿದ್ದರೆ ಬಚಾವು. ಗೆರೆಯ ಮೇಲೆ ನಿಲ್ಲಬೇಕಾದವನು ಮಾಡಬೇಕಾದದ್ದು ಸರಿಯಾಗಿ ಇದರ ಉಲ್ಟಾ. ತಗ್ಗಾಗಿ ಬರಬೇಕು, ರೆಕ್ಕೆಯ ಬ್ರೇಕು ಪೂರ್ತಿ ತೆರೆಯಬೇಕು, ವೇಗ ಕೊಂದುಕೊಳ್ಳಬೇಕು. ಅಂದರೆ ಸುಳಿಯ ಬಾಯಿಗೆ ಕೈಕಾಲು ಕಟ್ಟಿಕೊಂಡು ಇಳಿಯಬೇಕು.

ತಾವು ನಮ್ಮ ಮೈದಾನಕ್ಕೆ ಬಂದ ಬೆಳಿಗ್ಗೆ ಎಲೆ ಅಲುಗುತ್ತಿರಲಿಲ್ಲ. ತಮಗೆ ಕುರ್ಚಿ ಹಾಕಿಸಿ, ಕೊಡೆ ಹಿಡಿಸಿ ಕೂರಿಸಿದ್ದೆವು. ನನ್ನ ತಮ್ಮನೇ ಗೆರೆಯ ಮೇಲೆ ಮೂಗಿಟ್ಟು ನಿಲ್ಲಿಸಿ ತೋರಿಸಿದ. ಚಪ್ಪಾಳೆ ತಟ್ಟಿದಿರಿ. “ಇದೇನ್ರೀ ಗೆರೆ?” ಎಂದು ಕೇಳಿದಿರಿ. ನಮ್ಮ ಹಿರಿಯ ತರಬೇತುದಾರರು ಸಂಕೋಚದಿಂದ, “ಏನಿಲ್ಲ ಸಾರ್, ಹುಡುಗರ ಆಟ. ಗಾಳಿ ಇಲ್ದಾಗ ಆಡ್ತೀವಿ” ಎಂದರು. “ಆಟ ಅಲ್ರೀ ಇದು! ಶಿಸ್ತು! ಇದನ್ನೇ ನಿಯಮ ಮಾಡೋಣ” ಎಂದಿರಿ. ತರಬೇತುದಾರರು ಗುಡ್ಡದ ಕಡೆ ಕೈ ತೋರಿಸಿ, “ಸಾರ್, ಗಾಳಿ ಎದ್ರೆ?” ಎಂದರು. ಆಗ ತಾವು ನಕ್ಕು ಹೇಳಿದ ಮಾತು ಅಲ್ಲಿದ್ದ ನಮಗೆಲ್ಲ ಬಾಯಿಪಾಠವಾಗಿದೆ: “ನಿಯಮ ಅಂದ್ಮೇಲೆ ಗಾಳಿಗೊಂದು ಬಿಸಿಲಿಗೊಂದು ಮಾಡಕ್ಕಾಗತ್ತೇನ್ರೀ?”

ಆದೇಶ ಬಂತು. ಪರವಾನಗಿ ಪರೀಕ್ಷೆಗೆ ಕೂತವರು, ಪರವಾನಗಿ ನವೀಕರಿಸಿಕೊಳ್ಳುವವರು, ಎಲ್ಲರೂ ಗೆರೆಯ ಮೇಲೇ ನಿಲ್ಲಿಸಬೇಕು. ಹಿಂದೆ ನಿಂತರೆ ಫೇಲು, ಮುಂದೆ ಹೋದರೆ ಫೇಲು. ನಮ್ಮ ಆಟದ ಒಂದರ್ಧವನ್ನು ಕಾನೂನು ಮಾಡಿದಿರಿ, ಇನ್ನೊಂದರ್ಧವನ್ನು ಅಲ್ಲೇ ಚಹಾ ಲೋಟದ ಪಕ್ಕ ಬಿಟ್ಟುಹೋದಿರಿ. ಸ್ವಾಮೀ, ನಾನೂ ಪರೀಕ್ಷೆಗೆ ಜನರನ್ನು ತಯಾರು ಮಾಡುವವಳೇ. ಕಾರಿನ ಪರೀಕ್ಷೆಯಲ್ಲಿ ಇಳಿಜಾರಿನ ತುದಿಯಲ್ಲಿ ಎಣ್ಣೆ ಸುರಿದು, ಅದರ ಮೇಲೆ ಬಂದು ಗೆರೆಗೆ ಸರಿಯಾಗಿ ನಿಲ್ಲಿಸು ಎನ್ನುವ ಪರೀಕ್ಷಕನನ್ನು ಈ ಊರಿನ ಜನ ಏನು ಮಾಡುತ್ತಾರೆ? ಅವನನ್ನು ಅದೇ ಎಣ್ಣೆಯಲ್ಲಿ ಹೊರಳಾಡಿಸುತ್ತಾರೆ. ತಮಗೆ ಬಡ್ತಿ ಸಿಕ್ಕಿತು. ಸುರಕ್ಷತೆ ಎಂದು ಹೆಸರಿಟ್ಟುಕೊಂಡ ಕಚೇರಿಯೇ ಜನರನ್ನು ಸುಳಿಯೊಳಗೆ ತಳ್ಳಿದರೆ, ಬೇಲಿಯೇ ಎದ್ದು ಹೊಲ ಮೇಯ್ದರೆ, ಕಾಯುವವರು ಯಾರು?

ಮೊದಲು ಬಿದ್ದವರು ಔಷಧದ ಅಂಗಡಿಯವರು. ಬಲಗಾಲು ಮಂಡಿಯ ಕೆಳಗೆ ಹೋಯಿತು. ವರದಿ: ಚಾಲಕನ ತಪ್ಪು. ಆಮೇಲೆ ನಮ್ಮ ಹಿರಿಯ ತರಬೇತುದಾರರು, ತಮಗೆ ಗಾಳಿಯ ಪ್ರಶ್ನೆ ಕೇಳಿದ್ದರಲ್ಲ, ಅವರೇ. ಗ್ಲೈಡರು ನೆಟ್ಟಗೆ ಕುಕ್ಕಿ ಬೆನ್ನುಮೂಳೆ ಪುಡಿಯಾಯಿತು. ಇಡೀ ಜೀವನ ಆಕಾಶದಲ್ಲಿ ಕಳೆದ ಮನುಷ್ಯ ಇವತ್ತು ಮಲಗಿದ ಮಗ್ಗುಲು ಬದಲಿಸಲು ಹೆಂಡತಿಯನ್ನು ಕೂಗಬೇಕು. ಅವರಿಗೂ ಅದೇ ವರದಿ. ಕೈ ನಡುಗುವ ವಯಸ್ಸು ಎಂದು ಒಂದು ಸಾಲು ಹೆಚ್ಚಿಗೆ ಸೇರಿಸಿದ್ದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ, ನಡು ಮುರಿದು ಬಿದ್ದ ಎಮ್ಮೆಗೂ ಎಳೆಯುತ್ತಾರೆಂದು ತಮ್ಮ ಕಚೇರಿಯಿಂದ ತಿಳಿಯಿತು.

ನನ್ನ ತಮ್ಮನ ಸರದಿ ಬಂದದ್ದು ಹೋದ ಬೇಸಿಗೆಯ ಕೊನೆಯಲ್ಲಿ, ಪರವಾನಗಿ ನವೀಕರಣದ ದಿನ. ಬೆಳಿಗ್ಗೆಯಿಂದಲೇ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಹುಚ್ಚು ಹಿಡಿದ ಹಾಗೆ ಆ ಕಡೆ ಈ ಕಡೆ ಬಡಿದುಕೊಳ್ಳುತ್ತಿತ್ತು. ತಮ್ಮ ಪರೀಕ್ಷಕರು ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು, ಟೋಪಿ ಹಾರದಂತೆ ಒಂದು ಕೈಯಲ್ಲಿ ಅದುಮಿಕೊಂಡು ಕೂತಿದ್ದರು. ಟೋಪಿ ಹಿಡಿದುಕೊಳ್ಳಬೇಕಾದ ಗಾಳಿಯಲ್ಲಿ ಪರೀಕ್ಷೆ ಮಾಡಬಾರದು ಎಂದು ಆ ಮನುಷ್ಯನ ಕೈಗೆ ಗೊತ್ತಿತ್ತು, ತಲೆಗೆ ಗೊತ್ತಾಗಲಿಲ್ಲ. ಮುಂದೂಡಿ ಎಂದು ಕೇಳಿಕೊಂಡೆವು. “ಆದೇಶದಲ್ಲಿ ಹಾಗೇನೂ ಬರೆದಿಲ್ವಲ್ಲಮ್ಮ” ಎಂದರು. ನಾನೇ ಅವನನ್ನು ಮೇಲಕ್ಕೆ ಎಳೆದುಕೊಂಡು ಹೋದೆ. ಹಗ್ಗ ಒಮ್ಮೆ ಸಡಿಲಾಗಿ ಒಮ್ಮೆ ಛಟೀರೆಂದು ಬಿಗಿದು ನನ್ನ ವಿಮಾನದ ಬಾಲವನ್ನೇ ಜಗ್ಗುತ್ತಿತ್ತು. ರೇಡಿಯೋದಲ್ಲಿ ಅವನ ದನಿ ಬಂತು: “ಅಕ್ಕಾ, ಇದೇನೇ ಇದು, ಎಮ್ಮೆ ಮೇಲೆ ಕೂತ ಹಾಗಿದೆ!”

“ಗೆರೆ ಮರ್ತುಬಿಡೋ, ದೂರಕ್ಕೆ ಹೋಗಿ ಇಳಿ. ಫೇಲಾದ್ರೆ ಆಗ್ಲಿ” ಎಂದೆ.

“ಗೆರೆ ಮರೆತ್ರೆ ಲೈಸೆನ್ಸೂ ಮರೀಬೇಕಲ್ಲಕ್ಕಾ” ಎಂದ. ಹಗ್ಗ ಬಿಡಿಸಿಕೊಂಡ.

ನಾನು ಷೆಡ್ಡಿನಿಂದ ದೂರದ, ಮೈದಾನದ ಆಚೆ ತುದಿಯಲ್ಲಿ ಇಳಿದು, ಎಂಜಿನ್ ಆರಿಸಿ, ಕೆಳಗೆ ನಿಂತು ನೋಡುತ್ತಿದ್ದೆ. ಗುಡ್ಡದ ಹೆಗಲನ್ನು ಸುತ್ತಿಕೊಂಡು ಬಂದ. ತಗ್ಗಾಗಿ ಬಂದ. ರೆಕ್ಕೆಯ ಮೇಲೆ ಬ್ರೇಕಿನ ಹಲಗೆಗಳು ಪೂರ್ತಿ ಎದ್ದದ್ದು ಕಂಡಿತು. “ಮುಚ್ಚೋ, ಬ್ರೇಕ್ ಮುಚ್ಚೋ!” ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ, ಅಲ್ಲಿಂದ ಯಾರಿಗೆ ಕೇಳಬೇಕು? ಷೆಡ್ಡಿನ ಮೇಲೆ ಬಂದವನೇ ಇದ್ದಕ್ಕಿದ್ದ ಹಾಗೆ ಕೆಳಕ್ಕೆ ಬಿದ್ದ. ಎಡರೆಕ್ಕೆ ಕುಸಿಯಿತು. ಅದರ ತುದಿ ನೆಲಕ್ಕೆ ತಾಗಿ ಗ್ಲೈಡರು ತಿರುಗಿ, ಮೂಗು ಮಣ್ಣಿಗೆ ನಾಟಿ, ಬಾಲ ಮುರಿದು ಅವನ ತಲೆಯ ಮೇಲಿಂದ ಹಾರಿಹೋಯಿತು. ಗಾಜಿನ ಮುಚ್ಚಳ ಸಿಡಿಯಿತು. ಮಗುಚಿ, ಇನ್ನೊಮ್ಮೆ ಮಗುಚಿ, ಧೂಳಿನೊಳಗೆ ನಿಂತಿತು. ಸದ್ದು ಆಮೇಲೆ ನನ್ನವರೆಗೆ ಬಂತು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಹತ್ತಿರ ಹೋಗಿ ನೋಡಿದರೆ ಗ್ಲೈಡರಿನ ಮುಂಭಾಗವೇ ಇರಲಿಲ್ಲ, ಅವನ ಉದ್ದ ಕಾಲುಗಳೂ ಗ್ಲೈಡರಿನ ಮುರಿದ ಫೈಬರ್ ಚೂರುಗಳೂ ಮಣ್ಣೂ ಒಂದಕ್ಕೊಂದು ಕಲಸಿಹೋಗಿದ್ದವು. ಹೊಟ್ಟೆಗೆ ಬಿಗಿದ ಬೆಲ್ಟು ಒಳಕ್ಕೆ ಹೂತುಹೋಗಿತ್ತು. ದವಡೆ ಒಂದು ಕಡೆಗೆ ಜಾರಿತ್ತು. ಪ್ರಾಣ ಇನ್ನೂ ಇತ್ತು. ಎಡಗೈ ಬ್ರೇಕಿನ ಹಿಡಿಯನ್ನು ಕಬ್ಬಿಣದ ಸಲಾಕೆ ಸಮೇತ ಹಿಡಿದುಕೊಂಡೇ ಇತ್ತು. ನನ್ನನ್ನು ಗುರುತು ಹಿಡಿದ. ಬಾಯಿ ತುಂಬ ರಕ್ತ ಇಟ್ಟುಕೊಂಡು ಏನೋ ಕೇಳಿದ, ಕಿವಿ ಹತ್ತಿರ ಇಟ್ಟೆ. “ಅಕ್ಕಾ, ಗೆರೆ ಸಿಕ್ತಾ?” ಎಂದು ಕೇಳುತ್ತಿದ್ದ. ಸಿಕ್ಕಿತು ಕಣೋ ರಾಜಾ, ಸಿಕ್ಕಿತು ಎಂದೆ. ಆಸ್ಪತ್ರೆಯ ಗಾಡಿ ಬರುವ ಹೊತ್ತಿಗೆ ಅವನ ತಲೆ ನನ್ನ ತೊಡೆಯ ಮೇಲೆ ತಣ್ಣಗಾಗಿತ್ತು. ತಮ್ಮ ಪರೀಕ್ಷಕರು ಅಷ್ಟು ಹೊತ್ತಿಗೆ ಟೇಪು ತಂದು ಗ್ಲೈಡರಿನ ಅವಶೇಷದಿಂದ ಗೆರೆಯವರೆಗೆ ಅಳತೆ ತೆಗೆಯುತ್ತಿದ್ದರು. ಆ ಅಳತೆ ವರದಿಯಲ್ಲಿದೆ. ‘ನಿಗದಿತ ಗೆರೆ ತಲುಪುವಲ್ಲಿ ಚಾಲಕರು ವಿಫಲರಾಗಿರುತ್ತಾರೆ’ ಎಂದಿದೆ.

ವರದಿ ಓದಿ ಮೈಯೆಲ್ಲ ಉರಿದುಹೋಯಿತು. ತಮ್ಮ ತನಿಖಾಧಿಕಾರಿಯ ಕೋಣೆಗೆ ಹೋದೆ. ಅಚ್ಚುಕಟ್ಟಾದ ಕೋಣೆ. ಮೇಜಿನ ಮೇಲೆ ದಪ್ಪ ಗಾಜು, ಗಾಜಿನ ಕೆಳಗೆ ರಜೆಯ ಪಟ್ಟಿ, ಮಕ್ಕಳ ಫೋಟೋ. ಕಿಟಕಿ ಮುಚ್ಚಿತ್ತು, ಒಂದು ಹಾಳೆಯೂ ಅಲುಗುತ್ತಿರಲಿಲ್ಲ. ಗಾಳಿಯ ಬಗ್ಗೆ ಬರೆಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಅವರು ಒರಟರಲ್ಲ, ಕೂರಿಸಿ ನೀರು ಕೊಟ್ಟರು.

“ನಿಮ್ಮ ತಮ್ಮ ಅಗತ್ಯ ವೇಗ ಕಾಯ್ದುಕೊಂಡಿಲ್ಲ ಅಮ್ಮ. ಅದು ತಪ್ಪೇ ಅಲ್ವಾ?” ಎಂದರು.

“ಯಾಕೆ ಕಾಯ್ಕೊಳ್ಳಲಿಲ್ಲ ಅಂತ ಕೇಳಿದ್ರಾ? ವೇಗ ಇಟ್ಕೊಂಡ್ರೆ ಗೆರೆ ಮೇಲೆ ನಿಲ್ಸೋದು ಹೇಗೆ ಅಂತ ಯಾರನ್ನಾದ್ರೂ ಕೇಳಿದ್ರಾ?”

“ಅದು ನಮ್ಮ ತನಿಖೆಯ ವ್ಯಾಪ್ತಿಗೆ ಬರಲ್ಲ.”

ನನ್ನ ಚೀಲದಲ್ಲಿ ಆ ಬ್ರೇಕಿನ ಹಿಡಿ ಇತ್ತು, ಸಲಾಕೆ ಸಮೇತ. ಆಸ್ಪತ್ರೆಯವರು ಅವನ ಬೆರಳು ಬಿಡಿಸಿ ನನ್ನ ಕೈಗೆ ಕೊಟ್ಟದ್ದು. ಅದನ್ನೆತ್ತಿ ಗಾಜಿನ ನಡುಮಧ್ಯಕ್ಕೆ ಹೊಡೆದೆ. ಇನ್ನೊಂದು ಏಟು ಹೊಡೆದೆ. ಚೂರುಗಳು ಅವರ ಮಡಿಲಿಗೆ ಬಿದ್ದವು, ನನ್ನ ಅಂಗೈ ಸೀಳಿ ರಕ್ತ ಬಂತು, ಜವಾನರು ಓಡಿ ಬಂದರು. “ಬರ್ಕೊಳ್ಳಿ ಸಾರ್” ಎಂದೆ, “ಗಾಜು ಅಗತ್ಯ ಗಟ್ಟಿತನ ಕಾಯ್ದುಕೊಂಡಿಲ್ಲ. ಕಾರಣ: ಗಾಜಿನ ತಪ್ಪು. ಹೊಡೆದದ್ದು ಯಾರು ಅನ್ನೋದು ವ್ಯಾಪ್ತಿಗೆ ಬರಲ್ಲ.” ಆ ಮೊಕದ್ದಮೆ ನಡೆಯುತ್ತಿದೆ. ಗಾಜಿನ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ, ನ್ಯಾಯಾಲಯದಲ್ಲೂ ಅದನ್ನೇ ಹೇಳುತ್ತೇನೆ.

ಇಷ್ಟೇ ಆಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಸತ್ತವನು ಹಿಂದಿರುಗಿ ಬರುವುದಿಲ್ಲ. ಆದರೆ ತಮ್ಮ ‘ಚಾಲಕನ ತಪ್ಪು’ ಎನ್ನುವ ಮಾತು ಸತ್ತವರ ಹತ್ತಿರ ಸುಮ್ಮನೆ ಬಿದ್ದಿರುವುದಿಲ್ಲ, ಅದು ಬದುಕಿರುವವರ ಕಿವಿಗೆ ಹೋಗುತ್ತದೆ. ತಪ್ಪು ಗೆರೆಯದು ಎಂದಿದ್ದರೆ ಎಲ್ಲರೂ ಗೆರೆಗೆ ಹೆದರುತ್ತಿದ್ದರು. ತಪ್ಪು ಮಿಡತೆಯದು ಎಂದಿರಿ. ಈಗ ಪ್ರತಿಯೊಬ್ಬ ಹುಡುಗನೂ ಪ್ರತಿಯೊಬ್ಬ ಹುಡುಗಿಯೂ, ನಾನು ಮಿಡತೆಯಲ್ಲ, ನನಗೇನಾಗುತ್ತದೆ ಎಂದುಕೊಂಡು ಗ್ಲೈಡರು ಹತ್ತುತ್ತಾರೆ. ಅದರಲ್ಲಿ ನನ್ನ ಮಗಳೂ ಒಬ್ಬಳು.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಾಳೆ. ಕೂದಲೆಳೆಯಷ್ಟು ಹೆಚ್ಚು ಕಮ್ಮಿಯಾದರೂ ಸಹಿಸುವವಳಲ್ಲ. ಮಾವನ ಹಿಂದೆ ಹಿಂದೆ ತಿರುಗಿ ಹಾರುವುದು ಕಲಿತಳು. ಮಾವ ಹೋದ ಮೇಲೆ ಬಿಡುತ್ತಾಳೆ ಎಂದುಕೊಂಡೆ, ಅವಳ ಹಟ ಇಮ್ಮಡಿಯಾಯಿತು. ಪರೀಕ್ಷೆಗೆ ಹೆಸರು ಕೊಟ್ಟು ಬಂದ ಸಂಜೆ ಅಡುಗೆಮನೆಯಲ್ಲಿ ನಮಗೆ ಜಗಳವಾಯಿತು.

“ಗಾಳಿ ಎದ್ರೆ ಗೆರೆ ಕಡೆ ನೋಡಲ್ಲ ಅಂತ ನನ್ನ ತಲೆ ಮುಟ್ಟಿ ಹೇಳು” ಎಂದೆ.

“ಅಮ್ಮಾ, ಮಾವ ವೇಗ ಕಾಯ್ಕೊಳ್ಳಲಿಲ್ಲ. ವರದೀಲೇ ಇದೆ. ಅವ್ನು ಮಾಡಿದ ತಪ್ಪು ನಾನು ಮಾಡಲ್ಲ” ಎಂದಳು.

ನನ್ನ ಕೈಯಲ್ಲಿದ್ದ ತಟ್ಟೆ ಗೋಡೆಗೆ ಹೋಯಿತು. ನನ್ನ ಮನೆಯ ಒಲೆಯ ಮುಂದೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಾಯಲ್ಲಿ, ತಮ್ಮ ಕಚೇರಿ ಮಾತಾಡುತ್ತಿತ್ತು. “ಯಾರ ಬಗ್ಗೆ ಮಾತಾಡ್ತಿದ್ದೀಯ ಗೊತ್ತೇನೇ? ನಿನ್ನ ಎತ್ತಿ ಆಡಿಸಿದವನ ಬಗ್ಗೆ!” ಎಂದು ಕೂಗಿದೆ. ಅವಳೂ ಕೂಗಿದಳು: “ಅದಕ್ಕೇ ಹೋಗ್ತಿರೋದು! ಆ ಗೆರೆ ಮೇಲೆ ನಿಲ್ಸಿ ತೋರಿಸ್ತೀನಿ. ನೀನು ಎಳೀದಿದ್ರೆ ಬಿಡು, ಬಾಡಿಗೆಗೆ ಬೇರೆಯವರನ್ನ ಕರೆಸ್ತೀನಿ.” ಬೇರೆ ಊರಿನಿಂದ ಬರುವವನಿಗೆ ನಮ್ಮ ಗುಡ್ಡದ ಗಾಳಿ ಏನು ಗೊತ್ತು? ಎಲ್ಲೆಂದರಲ್ಲಿ ಎಳೆದುಕೊಂಡು ಹೋಗಿ ಬಿಡುತ್ತಾನೆ. ಹಾಗಾಗಿ ನಾನೇ ಎಳೆದೆ. ಇತ್ತ ದರಿ ಅತ್ತ ಪುಲಿ ಎನ್ನುತ್ತಾರಲ್ಲ, ಆ ಸ್ಥಿತಿ ನನ್ನದು.

ಹೋದ ಭಾನುವಾರ ಪರೀಕ್ಷೆ ನಡೆಯಿತು. ಅದೇ ಗಾಳಿ, ಅದೇ ಪರೀಕ್ಷಕರು, ಅದೇ ಕುರ್ಚಿ. ಈ ಸಲ ಟೋಪಿ ತಂದಿರಲಿಲ್ಲ. ಅಪಘಾತದಿಂದ ಕಲಿತ ಪಾಠ ಅಷ್ಟೇ ಇರಬೇಕು. ನಾನು ಮತ್ತೆ ಆಚೆ ತುದಿಯಲ್ಲಿ ಇಳಿದು ನಿಂತೆ. ನನ್ನ ಮಗಳು ಗುಡ್ಡದ ಹೆಗಲನ್ನು ಸುತ್ತಿಕೊಂಡು ಬಂದಳು. ಅದೇ ತಗ್ಗಿನಲ್ಲಿ ಬಂದಳು. ಅದೇ ರೀತಿ ಬ್ರೇಕು ಪೂರ್ತಿ ತೆರೆದಿದ್ದಳು. ಷೆಡ್ಡಿನ ಮೇಲೆ ಬಂದಾಗ ಅದೇ ಜಾಗದಲ್ಲಿ ಗ್ಲೈಡರು ಕೆಳಕ್ಕೆ ಬಿತ್ತು, ಅದೇ ಎಡರೆಕ್ಕೆ ಕುಸಿಯಿತು. ನಾನು ಕಣ್ಣು ಮುಚ್ಚಿದೆ. ಹೆತ್ತವಳು ಕಣ್ಣು ಮುಚ್ಚಬಾರದಿತ್ತು, ಮುಚ್ಚಿಬಿಟ್ಟೆ. ದಡಾರೆಂದು ಸದ್ದಾಯಿತು. ತೆರೆದು ನೋಡಿದರೆ ಗ್ಲೈಡರು ಒಮ್ಮೆ ಪುಟಿದು, ಬಾಲದ ಚಕ್ರ ಮುರಿದುಕೊಂಡು, ಉಜ್ಜಿಕೊಂಡು ಹೋಗಿ ನಿಂತಿತ್ತು. ಮೂಗು ಗೆರೆಯ ಮೇಲಿತ್ತು.

ನಾನು ಅಲ್ಲಿಗೆ ಮುಟ್ಟುವಾಗ ಪರೀಕ್ಷಕರು “ಭೇಷ್! ಒಂದಿಂಚು ಆಚೆಯಿಲ್ಲ ಈಚೆಯಿಲ್ಲ!” ಎಂದು ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರೂ ತಟ್ಟುತ್ತಿದ್ದರು. ಅವಳು ಮುಚ್ಚಳ ತೆಗೆದು ನಗುತ್ತಾ, “ನೋಡಿದ್ಯಾ ಅಮ್ಮಾ?” ಎಂದಳು. ಕೆನ್ನೆಗೆ ಹೊಡೆದೆ. ಎಲ್ಲರೆದುರು, ಬೆಲ್ಟು ಬಿಚ್ಚುವ ಮೊದಲೇ, ಕೈ ಬೀಸಿ ಹೊಡೆದೆ. ಅವಳ ತುಟಿ ಒಡೆಯಿತು. ಆಮೇಲೆ ಅವಳನ್ನು ಅಪ್ಪಿಕೊಳ್ಳಲು ಹೋದೆ, ಕೊಸರಿಕೊಂಡು ಹೋದಳು.

ಅಂದು ಸಂಜೆ ಅವಳು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಕೂತಳು. ನಾನು ಹೊರಗೆ ನೆಲದ ಮೇಲೆ ಕೂತೆ. ಒಳಗೆ ನಲ್ಲಿ ಸುರಿಯುತ್ತಿತ್ತು. ಆಮೇಲೆ ಒಳಗಿನಿಂದ ಅವಳ ದನಿ ಕೇಳಿತು. “ಅಮ್ಮಾ, ನಾನೇನೂ ಮಾಡ್ಲಿಲ್ಲ. ರೆಕ್ಕೆ ಬಿದ್ದಾಗ ಗ್ಲೈಡರ್ ತಿರುಗಿಸೋ ಕೋಲು ತಳ್ಳಿದೆ, ಏನೂ ಆಗ್ಲಿಲ್ಲ. ಸತ್ತೆ ಅಂದ್ಕೊಂಡೆ. ಅದು ತಾನಾಗೇ ಎದ್ದಿತಮ್ಮಾ.” ಹಾಗೆಂದು ಅತ್ತಳು. ಮರುದಿನ ಬೆಳಿಗ್ಗೆ ಕೇಳಿದರೆ ಹಾಗೆ ಹೇಳಿಯೇ ಇಲ್ಲ ಎಂದಳು. ತಮ್ಮ ಮೊಹರಿದ್ದ ಪ್ರಮಾಣಪತ್ರವನ್ನು ಕನ್ನಡಕದ ಅಂಗಡಿಗೆ ಒಯ್ದು ಎಲ್ಲರಿಗೂ ತೋರಿಸಿದಳಂತೆ. ಅವತ್ತಿನಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಇನ್ನೊಂದು ಭಾನುವಾರ ಹತ್ತಿರ ಬರುತ್ತಿದೆ, ಪರವಾನಗಿ ಸಿಕ್ಕವರು ಜೊತೆಗೆ ಒಬ್ಬರನ್ನು ಕೂರಿಸಿಕೊಂಡು ಹಾರಬಹುದು, ಮತ್ತು ಅವಳಿಗೀಗ ಗೆರೆ ತನ್ನ ಮಾತು ಕೇಳುತ್ತದೆ ಎನ್ನುವ ನಂಬಿಕೆ ಬಂದಿದೆ.

ಮಾನ್ಯರೇ, ಈಗ ನನ್ನ ಬೇಡಿಕೆ ಕೇಳಿ. ನನ್ನ ತಮ್ಮ ಮತ್ತು ನನ್ನ ಮಗಳು ಮಾಡಿದ್ದು ಒಂದೇ. ಅದೇ ಎತ್ತರ, ಅದೇ ವೇಗ, ಅದೇ ಬ್ರೇಕು, ಅದೇ ಸುಳಿ. ಅವನನ್ನು ಗಾಳಿ ಬಿಡಲಿಲ್ಲ, ಇವಳನ್ನು ಬಿಟ್ಟಿತು. ಅವನು ಮಾಡಿದ್ದು ತಪ್ಪಾದರೆ ಇವಳು ಮಾಡಿದ್ದೂ ತಪ್ಪೇ. ಇವಳು ಮಾಡಿದ್ದು ಭೇಷ್ ಆದರೆ ಅವನು ಮಾಡಿದ್ದೂ ಭೇಷೇ, ಹಾಗಿದ್ದರೆ ಅವನನ್ನು ಕೊಂದದ್ದು ಯಾವುದು ಎಂದು ತಾವು ಬರೆಯಬೇಕಾಗುತ್ತದೆ. ಎರಡರಲ್ಲೊಂದು ಮಾಡಿ. ಅವನ ವರದಿಯಿಂದ ‘ಚಾಲಕನ ತಪ್ಪು’ ಎನ್ನುವುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಗೆರೆಯ ಹೆಸರು ಬರೆದು, ಗೆರೆಯನ್ನು ಅಗೆದು ತೆಗೆಸಿ. ಅದಕ್ಕೆ ಧೈರ್ಯವಿಲ್ಲದಿದ್ದರೆ ನನ್ನ ಮಗಳ ಪ್ರಮಾಣಪತ್ರ ವಾಪಸು ತೆಗೆದುಕೊಂಡು, ಅದರ ಮೇಲೂ ‘ಚಾಲಕನ ತಪ್ಪು’ ಎಂದೇ ಬರೆಯಿರಿ. ಅವಳು ಬದುಕಿರುವಾಗಲೇ ಬರೆಯಿರಿ. ಒಮ್ಮೆಯಾದರೂ ತಮ್ಮ ಕಚೇರಿ ಆ ಮಾತನ್ನು ಬೀಳುವ ಮೊದಲೇ, ಓದಿ ಬದುಕಿಕೊಳ್ಳಬಲ್ಲವರಿಗೆ ಬರೆಯಲಿ.

ತಾವು ಒಂದಾದರೂ ಮಾಡುವವರೆಗೆ ನಾನು ಯಾವ ಗ್ಲೈಡರನ್ನೂ ಎಳೆಯುವುದಿಲ್ಲ. ಮೈದಾನದ ಹಗ್ಗಗಳನ್ನೆಲ್ಲ ಮನೆಗೆ ತಂದಿಟ್ಟುಕೊಂಡಿದ್ದೇನೆ, ಕಳ್ಳತನದ ಇನ್ನೊಂದು ಮೊಕದ್ದಮೆ ಹಾಕುವುದಿದ್ದರೆ ಹಾಕಿ, ಗಾಜಿನ ಮೊಕದ್ದಮೆಗೆ ಜೊತೆಯಾಗುತ್ತದೆ. ಹೆತ್ತ ಮಗಳನ್ನು ಫೇಲ್ ಮಾಡಿ ಎಂದು ಪತ್ರಿಕೆಯಲ್ಲಿ ಬರೆಯುವ ತಾಯಿಯನ್ನು ಅವಳು ಕ್ಷಮಿಸಲಾರಳು ಎಂದು ಯಜಮಾನರು ಹೇಳುತ್ತಿದ್ದಾರೆ. ಇರಬಹುದು. ಅವಳು ಜೀವಮಾನವಿಡೀ ನನ್ನ ಹತ್ತಿರ ಮಾತಾಡದಿದ್ದರೂ ಚಿಂತೆಯಿಲ್ಲ. ಮಾತಾಡದೆ ಮುಖ ತಿರುಗಿಸಿಕೊಂಡು ಹೋಗುವುದಕ್ಕಾದರೂ ಅವಳು ಮನೆಯಲ್ಲಿ ಇರಬೇಕು.

ಇಂತಿ,
ಫೇಲಾಗಿ ಸತ್ತವನ ಅಕ್ಕ,
ಪಾಸಾಗಿ ಉಳಿದಿರುವವಳ ಅಮ್ಮ